ಹಂಚಿದ ಗುರು

ಗದಗದ ವೀರೇಶ್ವರ ಪುಣ್ಯಾಶ್ರಮ ಅಂದ ಕೂಡಲೇ ನಮಗೆ ನೆನಪಾಗೋದು ಪುಟ್ಟರಾಜ ಗವಾಯಿಗಳು. ಅವರನ್ನು ಬೆಳೆಸಿದ ಗುರು ಪಂಚಾಕ್ಷರ ಗವಾಯಿಗಳ ಬಗ್ಗೆ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

1892ರಲ್ಲಿ ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಸಂಗೀತ ಕಲಿತರು. ಕರ್ನಾಟಕಿ, ಹಿಂದೂಸ್ತಾನಿ ಎರಡೂ ಒಲಿದವು. ಕಛೇರಿ ಮಾಡಿಕೊಂಡು ತಮ್ಮಷ್ಟಕ್ಕೆ ತಾವು ಆರಾಮಾಗಿ ಇರಬಹುದಿತ್ತು. ಆದರೆ ಅವರು ಅಂಧ ಮಕ್ಕಳನ್ನು, ಬಡ ಮಕ್ಕಳನ್ನು ಕರೆದುಕೊಂಡು ಊರೂರು ತಿರುಗಿ ಪಾಠ ಹೇಳಿದರು. ಫೀಸು ಇಲ್ಲ, ಜಾತಿ ಕೇಳೋದಿಲ್ಲ. ಪಾಠದ ಜೊತೆ ಊಟ, ವಸತಿಯೂ ಅವರದ್ದೇ ಜವಾಬ್ದಾರಿ. ಅದಕ್ಕಾಗಿ ನಾಟಕ ಕಂಪನಿಯನ್ನೂ ನಡೆಸಿದರು. ಕೊನೆಗೆ ಈ ತಿರುಗಾಡುವ ಶಾಲೆ ಗದಗದಲ್ಲಿ ನೆಲೆ ನಿಂತಿತು.

1944ರಲ್ಲಿ ಅವರು ತೀರಿಕೊಂಡರು. ಬಿಟ್ಟುಹೋದ ಆಸ್ತಿ ಅಂದರೆ ಶಿಷ್ಯರು. ಬಸವರಾಜ ರಾಜಗುರು ದೇಶಕ್ಕೇ ಹೆಸರಾದರು. ಪುಟ್ಟರಾಜರು 2010ರಲ್ಲಿ ತೀರಿಕೊಳ್ಳುವವರೆಗೂ ಆಶ್ರಮ ನಡೆಸಿದರು. ಇಂದಿಗೂ ಅಲ್ಲಿ ಮಕ್ಕಳು ಉಂಡು, ಹಾಡು ಕಲಿಯುತ್ತಾರೆ.

ಪರೀಕ್ಷೆ ಹತ್ತಿರ ಬಂದರೆ ಒಳ್ಳೆ ನೋಟ್ಸನ್ನು ಪಕ್ಕದವರಿಗೂ ಕೊಡದೆ ಮುಚ್ಚಿಡುವವರು ನಾವು. ಹಂಚಿದರೆ ನಮ್ಮದು ಕಡಿಮೆ ಆಗುತ್ತೆ ಅನ್ನೋ ಭಯ. ಗವಾಯಿಗಳು ಎಲ್ಲವನ್ನೂ ಹಂಚಿದರು, ಆದ್ದರಿಂದಲೇ ಅದು ಇವತ್ತಿಗೂ ಉಳಿದಿದೆ. ಈ ಸೆಮಿಸ್ಟರ್‌ನಲ್ಲಿ ನಾವು ನೋಟ್ಸಿನಿಂದಲಾದರೂ ಶುರು ಮಾಡೋಣ.