ಬಿಸಿಲು ಫ್ರೀ, ಮಷಿನ್ ಫ್ರೀ ಅಲ್ಲ: ಫ್ರಾಂಕ್ ಶೂಮನ್ ಕಥೆ

ಸೋಲಾರ್ ಅಂದ ತಕ್ಷಣ ನಮಗೆಲ್ಲ ಕಣ್ಣ ಮುಂದೆ ಬರೋದು ನೀಲಿ ಪ್ಯಾನೆಲ್. ಹಾಗಾಗಿ ಇದೆಲ್ಲ ಈಚೆಗೆ ಬಂದ ಟೆಕ್ನಾಲಜಿ ಅಂತ ಅಂದುಕೊಂಡಿರ್ತೀವಿ. ಈಗಿನ ಪ್ಯಾನೆಲ್‌ನ ತಾತ ಅನ್ನಬಹುದಾದ ಸಿಲಿಕಾನ್ ಸೆಲ್ ಬಂದಿದ್ದು 1954ರಲ್ಲಿ. ಆದರೆ ಅದಕ್ಕೂ ಸುಮಾರು 40 ವರ್ಷ ಮೊದಲೇ ಈಜಿಪ್ಟ್‌ನಲ್ಲಿ ಒಂದು ಪಂಪ್ ಬರೀ ಬಿಸಿಲಿನ ಬಲದಿಂದ ನೈಲ್ ನದಿಯ ನೀರನ್ನು ಹತ್ತಿ ಹೊಲಗಳಿಗೆ ಎತ್ತಿತ್ತು. ಅದನ್ನು ಕಟ್ಟಿದವರು ಅಮೆರಿಕದ ಫ್ರಾಂಕ್ ಶೂಮನ್. ಆ ಕಾಲದ ಪತ್ರಿಕೆಗಳಲ್ಲಿ ಅವರದ್ದು ದೊಡ್ಡ ಹೆಸರು. ನಮ್ಮ ಟೆಕ್ಸ್ಟ್‌ಬುಕ್‌ಗಳಲ್ಲಿ ಮಾತ್ರ ಹುಡುಕಿದರೂ ಸಿಗೋದು ಕಷ್ಟ.

ಶೂಮನ್ ಹುಟ್ಟಿದ್ದು 1862ರಲ್ಲಿ, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. 1890ರ ದಶಕದ ಶುರುವಿನಲ್ಲಿ ಫಿಲಡೆಲ್ಫಿಯಾದ ಟಾಕೊನಿ ಅನ್ನೋ ಜಾಗದಲ್ಲಿದ್ದ ತಮ್ಮ ಅಂಕಲ್‌ನ ಕಬ್ಬಿಣದ ಕಾರ್ಖಾನೆಗೆ ಬಂದರು. 1892ರಲ್ಲಿ ತಂತಿ ಬಲೆಯನ್ನು ಒಳಗೇ ಸೇರಿಸಿದ ಗಾಜಿಗೆ ಪೇಟೆಂಟ್ ತಗೊಂಡರು. ಈ ಗಾಜು ಒಡೆದರೂ ಚೂರುಗಳು ಕೆಳಗೆ ಉದುರಲ್ಲ, ತಂತಿ ಹಿಡಿದುಕೊಂಡಿರುತ್ತೆ. ಕಾರ್ಖಾನೆಗಳ ಚಾವಣಿ, ಕಿಟಕಿಗಳಿಗೆ ಇದು ತುಂಬ ಬೇಕಾಯ್ತು, ಕೈಗೆ ದುಡ್ಡೂ ಬಂತು. ಆ ದುಡ್ಡಲ್ಲಿ ಅವರು ತಮಗೆ ಇಷ್ಟವಾದ ಸಮಸ್ಯೆಯ ಹಿಂದೆ ಬಿದ್ದರು. ಅದೇ ಬಿಸಿಲು.

ಬಿಸಿಲಿನಿಂದ ಇಂಜಿನ್ ಓಡಿಸೋ ಕೆಲಸ ಅವರಿಗಿಂತ ಮೊದಲೇ ಆಗಿತ್ತು. ಫ್ರಾನ್ಸಿನ ಆಗಸ್ಟಿನ್ ಮೂಶೋ ಅನ್ನೋ ಗಣಿತದ ಮೇಷ್ಟ್ರು 1878ರ ಪ್ಯಾರಿಸ್ ಪ್ರದರ್ಶನದಲ್ಲಿ ದೊಡ್ಡ ಕನ್ನಡಿ ಇಟ್ಟು, ಬಿಸಿಲಿನಿಂದ ಹಬೆ ಮಾಡಿ, ಅದರಿಂದ ಐಸ್ ಕೂಡ ಮಾಡಿ ತೋರಿಸಿದ್ದರು. ಇಂಜಿನ್ ಓಡ್ತು, ಆದರೆ ಲೆಕ್ಕ ಕೂಡಲಿಲ್ಲ. ಪಾಲಿಶ್ ಮಾಡಿದ ಕನ್ನಡಿಗಳು ದುಬಾರಿ, ಕಲ್ಲಿದ್ದಲು ಅಗ್ಗ. ಸರ್ಕಾರ ಕೈಬಿಟ್ಟಿತು.

ಶೂಮನ್ ಹಿಡಿದ ಪಾಯಿಂಟ್ ಇದೇ. ಬಿಸಿಲು ಫ್ರೀ ಇರಬಹುದು, ಅದನ್ನು ಹಿಡಿಯೋ ಮಷಿನ್ ಫ್ರೀ ಅಲ್ಲ. ಹಾಗಾಗಿ ಎಷ್ಟು ಜಾಸ್ತಿ ಬಿಸಿ ಮಾಡಬಹುದು ಅನ್ನೋದನ್ನು ಪಕ್ಕಕ್ಕಿಟ್ಟು, ಒಂದು ಅಶ್ವಶಕ್ತಿಗೆ ಎಷ್ಟು ಖರ್ಚು ಅನ್ನೋದರಿಂದ ಡಿಸೈನ್ ಶುರು ಮಾಡಿದರು. ಅವರ ಮೊದಲ ಮಷಿನ್‌ನಲ್ಲಿ ಕನ್ನಡಿಯೇ ಇರಲಿಲ್ಲ. ಮರದ ಪೆಟ್ಟಿಗೆ, ಮೇಲೆ ಸಾಧಾರಣ ಗಾಜು, ಒಳಗೆ ಕಪ್ಪು ಬಣ್ಣದ ಪೈಪ್, ಪೈಪ್ ಒಳಗೆ ಈಥರ್. ಈಥರ್ ಕುದಿಯೋದು ಸುಮಾರು 35 ಡಿಗ್ರಿಗೆ, ಅಂದ್ರೆ ನಮ್ಮ ರಾಯಚೂರಿನ ಬೇಸಿಗೆ ಗಾಳಿಗೇ ಕುದಿದುಬಿಡುತ್ತೆ! ಆ ಆವಿಯಿಂದ ಪುಟ್ಟ ಇಂಜಿನ್ ಓಡ್ತು. 1907ರಲ್ಲಿ ಇದನ್ನೇ ಸುಮಾರು 100 ಚದರ ಮೀಟರ್‌ಗೆ ದೊಡ್ಡದು ಮಾಡಿ ಟಾಕೊನಿಯಲ್ಲಿ ಜನರಿಗೆ ತೋರಿಸಿದರು.

ಥರ್ಮೋಡೈನಾಮಿಕ್ಸ್ ಓದಿದವರು ಇಲ್ಲಿ ಕೈ ಎತ್ತುತ್ತಾರೆ. ಟೆಂಪರೇಚರ್ ಕಡಿಮೆ ಇದ್ದರೆ ಕಾರ್ನೋ ಎಫಿಶಿಯೆನ್ಸಿನೂ ಕಡಿಮೆ ತಾನೇ? ಹೌದು. ಅದು ಶೂಮನ್‌ಗೂ ಗೊತ್ತಿತ್ತು. ಬಿಸಿಲಿಗೆ ಬಿಲ್ ಬರಲ್ಲ, ಆದ್ದರಿಂದ ಸ್ವಲ್ಪ ಪೋಲಾದರೂ ಪರವಾಗಿಲ್ಲ, ಪೆಟ್ಟಿಗೆ ಅಗ್ಗವಾಗಿರಲಿ ಅನ್ನೋದು ಅವರ ಲೆಕ್ಕ. 1911ರ ಹೊತ್ತಿಗೆ ಈಥರ್ ಬಿಟ್ಟು ನೀರಿಗೆ ಬಂದರು. ಇಷ್ಟು ಬಿಸಿಗೆ ಒತ್ತಡದ ಹಬೆ ಸಿಗಲ್ಲವಲ್ಲ, ಅದಕ್ಕೆ ಕಡಿಮೆ ಒತ್ತಡದ ಹಬೆಯಲ್ಲೇ ಓಡುವ ಇಂಜಿನ್ನನ್ನೇ ಡಿಸೈನ್ ಮಾಡಿದರು. ಬಿಸಿಲಿನಿಂದ ಇಂಜಿನ್ ಕೇಳಿದ್ದನ್ನೆಲ್ಲ ಹಿಂಡುವ ಬದಲು, ಬಿಸಿಲು ಕೊಟ್ಟಷ್ಟರಲ್ಲಿ ಬದುಕೋ ಇಂಜಿನ್ ಮಾಡಿದರು.

ಇನ್ನು ಜಾಗ. ಅಮೆರಿಕದಲ್ಲಿ ಕಲ್ಲಿದ್ದಲು ಅಗ್ಗ, ಅದರ ಜೊತೆ ರೇಸ್ ಮಾಡಿದರೆ ಸೋಲೋದು ಖಚಿತ. ಈಜಿಪ್ಟ್‌ಗೆ ಕಲ್ಲಿದ್ದಲು ಹಡಗಿನಲ್ಲಿ ಬರಬೇಕು, ಹಾಗಾಗಿ ದುಬಾರಿ. ಬಿಸಿಲು ಬೇಕಾದಷ್ಟಿದೆ. ಜೊತೆಗೆ ಬಿಸಿಲು ಜಾಸ್ತಿ ಇದ್ದಾಗಲೇ ಹೊಲಕ್ಕೆ ನೀರೂ ಜಾಸ್ತಿ ಬೇಕು. ಲಂಡನ್‌ನ ಹೂಡಿಕೆದಾರರ ದುಡ್ಡಿನಿಂದ ಕೈರೋ ಪಕ್ಕದ ಮಾದಿ ಅನ್ನೋ ಊರಲ್ಲಿ ಕೆಲಸ ಶುರುವಾಯ್ತು. ಅಲ್ಲಿ ಬ್ರಿಟಿಷ್ ವಿಜ್ಞಾನಿ ಸಿ.ವಿ. ಬಾಯ್ಸ್ ಒಂದು ಸಲಹೆ ಕೊಟ್ಟರು: ಚಪ್ಪಟೆ ಪೆಟ್ಟಿಗೆ ಬದಲು, ಉದ್ದನೆಯ ಪ್ಯಾರಾಬೋಲಾ ಆಕಾರದ ಕನ್ನಡಿ ತೊಟ್ಟಿ, ಮಧ್ಯದಲ್ಲಿ ಬಾಯ್ಲರ್. ಶೂಮನ್ ಹಠ ಹಿಡಿಯಲಿಲ್ಲ, ಒಪ್ಪಿಕೊಂಡರು. ತಲಾ ಸುಮಾರು 62 ಮೀಟರ್ ಉದ್ದ, 4 ಮೀಟರ್ ಅಗಲದ ಐದು ತೊಟ್ಟಿಗಳು ಸೂರ್ಯನ ಜೊತೆಗೇ ತಾವಾಗಿ ತಿರುಗುತ್ತಿದ್ದವು.

1912ರ ಟೆಸ್ಟ್‌ನಲ್ಲಿ ಎಡವಟ್ಟಾಯ್ತು. ಬಾಯ್ಲರ್‌ಗಳನ್ನು ಅಗ್ಗದ ಸತುವಿನಲ್ಲಿ ಮಾಡಿದ್ದರು. ಬಿಸಿ ನಿರೀಕ್ಷೆಗಿಂತ ಜಾಸ್ತಿ ಬಂದು ಸತು ಮೆತ್ತಗಾಗಿ ಜೋತುಬಿತ್ತು. ಅಗ್ಗ ಮಾಡೋದಕ್ಕೂ ಒಂದು ಮಿತಿ ಇದೆ. ಕಾಸ್ಟ್ ಐರನ್ ಬಾಯ್ಲರ್ ಹಾಕಿ, 1913ರಲ್ಲಿ ಲಾರ್ಡ್ ಕಿಚನರ್ ಮುಂದೆ ಪಂಪ್ ಓಡಿಸಿದರು. 50ಕ್ಕಿಂತ ಹೆಚ್ಚು ಅಶ್ವಶಕ್ತಿ, ನಿಮಿಷಕ್ಕೆ 20,000 ಲೀಟರ್‌ಗೂ ಹೆಚ್ಚು ನೀರು. ಸಹಾರಾದ 20,250 ಚದರ ಮೈಲಿಯಲ್ಲಿ, ಅಂದ್ರೆ ಆ ಮರುಭೂಮಿಯ ನೂರರಲ್ಲಿ ಒಂದು ಪಾಲೂ ಅಲ್ಲದ ಜಾಗದಲ್ಲಿ, ಇಡೀ ಪ್ರಪಂಚಕ್ಕೆ ಬೇಕಾದ ಶಕ್ತಿ ಪಡೆಯಬಹುದು ಅಂತ ಶೂಮನ್ ಲೆಕ್ಕ ಕೊಟ್ಟರು. ಜರ್ಮನಿ ಸರ್ಕಾರ ಕೂಡ ದುಡ್ಡು ಕೊಡೋಕೆ ಮುಂದೆ ಬಂತು.

ಮುಂದಿನ ವರ್ಷ ಮೊದಲ ಮಹಾಯುದ್ಧ. ಮಾದಿಯ ಇಂಜಿನಿಯರ್‌ಗಳು ಯುದ್ಧದ ಕೆಲಸಕ್ಕೆ ತಮ್ಮ ತಮ್ಮ ದೇಶಕ್ಕೆ ಹೋದರು, ಮಷಿನ್ ಗುಜರಿ ಆಯ್ತು. ಶೂಮನ್ 1918ರ ಏಪ್ರಿಲ್‌ನಲ್ಲಿ, ಯುದ್ಧ ಮುಗಿಯೋ ಮೊದಲೇ, ತೀರಿಕೊಂಡರು. ಆಮೇಲೆ ಪೆಟ್ರೋಲಿಯಂ ಯುಗ. ಬಿಸಿಲಿನ ಇಂಜಿನ್ನನ್ನು ಕೇಳೋರೇ ಇಲ್ಲ.

ಹಾಗಾದ್ರೆ ಅವರು ಸೋತರಾ? ಅವರು ಬಳಸಿದ ಗಾಜು ಮುಚ್ಚಿದ ಪೆಟ್ಟಿಗೆ, ಕಪ್ಪು ಪೈಪ್‌ನ ಐಡಿಯಾ ಇವತ್ತು ಬೆಂಗಳೂರಿನ ಮನೆಗಳ ತಾರಸಿ ಮೇಲೆ ಸ್ನಾನದ ನೀರು ಕಾಯಿಸ್ತಿದೆ. ಮಾದಿಯ ಕನ್ನಡಿ ತೊಟ್ಟಿಗಳ ದೊಡ್ಡ ತಮ್ಮಂದಿರು ಸ್ಪೇನ್, ಮೊರಾಕ್ಕೊದಲ್ಲಿ ಕರೆಂಟ್ ಮಾಡ್ತಿವೆ.

ಇನ್ನೂ ಹತ್ತಿರದ ಉದಾಹರಣೆ ಬೇಕಿದ್ರೆ ಸೋಲಾರ್ ಬೀದಿದೀಪ ನೋಡಿ. ಹಳೇ 100 ವ್ಯಾಟ್ ಬಲ್ಬ್ ರಾತ್ರಿ 10 ಗಂಟೆ ಉರಿದರೆ 1,000 ವ್ಯಾಟ್-ಅವರ್. ದಿನಕ್ಕೆ 5 ಗಂಟೆ ಪೂರ್ತಿ ಬಿಸಿಲು ಅಂತ ಇಟ್ಟುಕೊಂಡರೆ, ನಷ್ಟಗಳನ್ನು ಬಿಟ್ಟೇ, 200 ವ್ಯಾಟ್ ಪ್ಯಾನೆಲ್ ಬೇಕು. ಅಷ್ಟೇ ಬೆಳಕು ಕೊಡೋ 15 ವ್ಯಾಟ್ ಎಲ್‌ಇಡಿಗೆ 150 ವ್ಯಾಟ್-ಅವರ್ ಸಾಕು, ಅಂದ್ರೆ 30 ವ್ಯಾಟ್ ಪ್ಯಾನೆಲ್. ಮೋಡದ ದಿನಕ್ಕೆ ಅಂತ ಸ್ವಲ್ಪ ಜಾಸ್ತಿ ಹಾಕಿದರೂ ಒಂದು ಕಂಬದ ಮೇಲೆ ಎಲ್ಲಾ ಕೂರುತ್ತೆ, ಬ್ಯಾಟರಿನೂ ಚಿಕ್ಕದಾಗುತ್ತೆ. ಬೀದಿದೀಪವನ್ನು ಕೈಗೆಟುಕುವ ಹಾಗೆ ಮಾಡಿದ್ದು ಪ್ಯಾನೆಲ್ ಬೆಲೆ ಇಳಿದದ್ದು ಮಾತ್ರ ಅಲ್ಲ, ಲೋಡ್ ಇಳಿದದ್ದು ಕೂಡ. ಶೂಮನ್ ತಮ್ಮ ಇಂಜಿನ್‌ಗೆ ಮಾಡಿದ್ದೂ ಇದನ್ನೇ.

ಮುಂದಿನ ಸೆಮಿಸ್ಟರ್‌ನಲ್ಲಿ ಸೋಲಾರ್ ಪ್ರಾಜೆಕ್ಟ್ ತಗೊಳ್ಳೋರು ಪ್ಯಾನೆಲ್ ಆರ್ಡರ್ ಮಾಡೋ ಮೊದಲು ಲೋಡ್‌ನ ಲೆಕ್ಕ ಒಂದು ಸಲ ಮಾಡಿ ನೋಡಿ. ಅರ್ಧ ಬಜೆಟ್ ಅಲ್ಲೇ ಉಳಿಯಬಹುದು.