ಮಗ್ಗದ ಮನೆಯಿಂದ ಮೋಟಾರಿನವರೆಗೆ: ಕಿಯಿಚಿರೊ ಟೊಯೊಡಾ ಅವರ ಬಾಳು

ಟೊಯೊಟಾ ಎಂಬ ಹೆಸರು ನಮ್ಮ ಮನೆಗಳಲ್ಲಿ ಅಪರಿಚಿತವೇನಲ್ಲ. ಮದುವೆಯ ದಿಬ್ಬಣವನ್ನೂ ತೀರ್ಥಯಾತ್ರೆಯ ತಂಡವನ್ನೂ ಹೊತ್ತು ಊರೂರು ಸುತ್ತುವ ಇನ್ನೋವಾ ವಾಹನ ಆ ಸಂಸ್ಥೆಯದು. ಅದು ತಯಾರಾಗುವುದು ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿಯಲ್ಲಿ. ಆದರೆ ಈ ಸಂಸ್ಥೆಯನ್ನು ಕಟ್ಟಿದ ಕಿಯಿಚಿರೊ ಟೊಯೊಡಾ ಅವರ ಬಾಳಿನ ಕಥೆಯನ್ನು ಬಲ್ಲವರು ನಮ್ಮಲ್ಲಿ ವಿರಳ. ಅವರ ಮನೆತನದ ಕಸುಬು ಮಗ್ಗ. ತಾವೇ ಸ್ಥಾಪಿಸಿದ ಕಾರ್ಖಾನೆಯನ್ನು ನಡುವಿನಲ್ಲಿಯೇ ಬಿಟ್ಟು ಹೊರಬಂದ ಅವರು ಅದರ ಏಳಿಗೆಯನ್ನು ಕಣ್ಣಾರೆ ಕಾಣಲಿಲ್ಲ.

ಕಿಯಿಚಿರೊ ಅವರ ಬಗ್ಗೆ ಹೇಳುವ ಮೊದಲು ಅವರ ತಂದೆ ಸಕಿಚಿ ಅವರ ಬಗ್ಗೆ ಹೇಳಬೇಕು. ಜಪಾನಿನ ಈಗಿನ ಶಿಜುಓಕಾ ಪ್ರಾಂತ್ಯದ ಯಾಮಾಗುಚಿ ಎಂಬ ಹಳ್ಳಿಯಲ್ಲಿ 1867ರಲ್ಲಿ ಬಡಗಿಯೊಬ್ಬನ ಮಗನಾಗಿ ಸಕಿಚಿ ಹುಟ್ಟಿದರು. ಹಳ್ಳಿಯ ಮನೆಮನೆಗಳಲ್ಲಿ ಹೆಂಗಸರು ಕೈಮಗ್ಗದಲ್ಲಿ ಬಟ್ಟೆ ನೇಯುತ್ತಿದ್ದರು. ಆ ದುಡಿಮೆಯ ಕಷ್ಟವನ್ನು ನೋಡಿ ಬೆಳೆದ ಸಕಿಚಿ, ತಂದೆಯ ಉಳಿ–ಬಾಚಿಗಳಿಂದಲೇ ಮಗ್ಗವನ್ನು ಬಿಚ್ಚಿ ಕಟ್ಟುವುದರಲ್ಲಿ ಮುಳುಗಿದರು. ಒಂದೇ ಕೈಯಿಂದ ನಡೆಸಬಹುದಾದ ಅವರ ಮರದ ಮಗ್ಗಕ್ಕೆ 1891ರಲ್ಲಿ ಪೇಟೆಂಟ್ ದೊರೆಯಿತು. ಅನಂತರ ಅವರು ಯಂತ್ರಮಗ್ಗದತ್ತ ತಿರುಗಿದರು.

ಸೊಲ್ಲಾಪುರದ ಮಗ್ಗದ ಕೇರಿಗಳ ಮಕ್ಕಳಿಗೆ ಹಾಸು, ಹೊಕ್ಕು, ಲಾಳಿ ಎಂಬ ಮಾತುಗಳನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಉದ್ದಕ್ಕೆ ಬಿಗಿದ ನೂಲು ಹಾಸು. ಅಡ್ಡಕ್ಕೆ ಓಡಾಡುವ ನೂಲು ಹೊಕ್ಕು. ಹೊಕ್ಕನ್ನು ಹೊತ್ತು ಅತ್ತಿಂದಿತ್ತ ಹಾರುವುದು ಲಾಳಿ. ಯಂತ್ರಮಗ್ಗಕ್ಕೆ ಕಣ್ಣಿಲ್ಲ. ಹೊಕ್ಕಿನ ನೂಲು ಕಡಿದರೂ ಅದು ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ; ಯಾರಾದರೂ ನೋಡುವಷ್ಟರಲ್ಲಿ ಬಟ್ಟೆ ಕೆಟ್ಟಿರುತ್ತದೆ. ಆದ್ದರಿಂದ ಪ್ರತಿ ಮಗ್ಗದ ಮುಂದೆ ಒಬ್ಬರು ಕಾವಲು ನಿಲ್ಲಬೇಕಾಗಿತ್ತು. ನೂಲು ಕಡಿದೊಡನೆ ಮಗ್ಗ ತಾನಾಗಿಯೇ ನಿಲ್ಲುವಂತೆ ಸಕಿಚಿ ಒಂದು ಏರ್ಪಾಡು ಮಾಡಿದರು. ಒಬ್ಬ ಕೆಲಸಗಾರ ಹಲವು ಮಗ್ಗಗಳನ್ನು ನೋಡಿಕೊಳ್ಳುವುದು ಸಾಧ್ಯವಾಯಿತು. ತಪ್ಪು ಕಂಡಲ್ಲಿ ಕೆಲಸ ನಿಲ್ಲಬೇಕು, ತಪ್ಪಿದ ಸರಕು ಮುಂದಕ್ಕೆ ಸಾಗಬಾರದು ಎಂಬ ಈ ತತ್ತ್ವವೇ ಮುಂದೆ ಕಾರಿನ ಕಾರ್ಖಾನೆಗೂ ಬಂದಿತು. ಟೊಯೊಟಾ ಕಾರುಗಳು ಬಾಳಿಕೆ ಬರುತ್ತವೆ ಎಂಬ ಕೀರ್ತಿಯ ಬೇರು ಇರುವುದು ಈ ಮಗ್ಗದಲ್ಲಿ.

ಕಿಯಿಚಿರೊ 1894ರ ಜೂನ್ 11ರಂದು ಜನಿಸಿದರು. ಹಗಲಿರುಳು ಮಗ್ಗದ ಧ್ಯಾನದಲ್ಲಿದ್ದ ಗಂಡನ ಮನೆಯಲ್ಲಿ ತಾಯಿ ತಾಮಿ ನಿಲ್ಲಲಿಲ್ಲ. ಮಗು ಹುಟ್ಟಿದ ಸ್ವಲ್ಪ ಕಾಲಕ್ಕೆ ತವರಿಗೆ ಹೊರಟುಹೋದರು. ಅಜ್ಜ–ಅಜ್ಜಿಯರ ಆಸರೆಯಲ್ಲಿ ಬೆಳೆದ ಕೂಸು ಮುಂದೆ ನಗೋಯಾ ನಗರದಲ್ಲಿ ತಂದೆಯನ್ನೂ ಮಲತಾಯಿಯನ್ನೂ ಸೇರಿಕೊಂಡಿತು. ತಂದೆಗೆ ದೊಡ್ಡ ಓದು ದೊರೆತಿರಲಿಲ್ಲ. ಮಗ ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ 1920ರಲ್ಲಿ ಪದವೀಧರರಾದರು. ಮಿತಭಾಷಿ, ಸಂಕೋಚದ ಸ್ವಭಾವ.

ಮರುವರ್ಷವೇ ತಂದೆಯ ನೂಲಿನ ಗಿರಣಿಯನ್ನು ಸೇರಿದರು. ಆದರೆ ಅಲ್ಲಿ ಯಜಮಾನಿಕೆ ಅವರದಾಗಿರಲಿಲ್ಲ. ತಂಗಿ ಐಕೊಳನ್ನು ಮದುವೆಯಾದ ರಿಸಬುರೊ ಎಂಬವರನ್ನು ಸಕಿಚಿ ಮನೆಅಳಿಯನನ್ನಾಗಿ ಮಾಡಿಕೊಂಡು ಟೊಯೊಡಾ ಎಂಬ ಮನೆತನದ ಹೆಸರನ್ನೂ ಕೊಟ್ಟಿದ್ದರು. ವಯಸ್ಸಿನಲ್ಲಿ ಕಿಯಿಚಿರೊಗಿಂತ ಹತ್ತು ವರ್ಷ ಹಿರಿಯರಾದ, ವ್ಯಾಪಾರದಲ್ಲಿ ಪಳಗಿದ ರಿಸಬುರೊ ಅವರ ಕೈಯಲ್ಲಿಯೇ ವ್ಯವಹಾರದ ಹಿಡಿತವಿತ್ತು. ಹಣದ ಕೈ ಅಳಿಯನದು, ಯಂತ್ರದ ಕೈ ಮಗನದು. ಈ ಹಂಚಿಕೆಯಿಂದ ಮನೆಯೊಳಗೆ ಬಿಸಿ ಏರಿದ್ದೂ ಉಂಟು; ಆದರೂ ಇಬ್ಬರಲ್ಲಿ ಒಬ್ಬರಿಲ್ಲದಿದ್ದರೆ ಮುಂದಿನ ಸಾಹಸ ಕೈಗೂಡುತ್ತಿರಲಿಲ್ಲ.

1921–22ರಲ್ಲಿ ಕಿಯಿಚಿರೊ ಅಮೆರಿಕಾ, ಇಂಗ್ಲೆಂಡುಗಳನ್ನು ಸುತ್ತಿದರು. ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಪ್ಲ್ಯಾಟ್ ಬ್ರದರ್ಸ್ ಎಂಬ ಹೆಸರಾಂತ ಸಂಸ್ಥೆಯಿತ್ತು. ಭಾರತದ ಅನೇಕ ಬಟ್ಟೆ ಗಿರಣಿಗಳಿಗೂ ಯಂತ್ರ ಕಳುಹಿಸುತ್ತಿದ್ದ ಸಂಸ್ಥೆ ಅದು. ಅಲ್ಲಿ ಕೆಲವು ದಿನ ನಿಂತು ಯಂತ್ರ ತಯಾರಿಕೆಯನ್ನು ಹತ್ತಿರದಿಂದ ಅಭ್ಯಸಿಸಿದರು. ಹಿಂದಿರುಗಿದ ಮೇಲೆ ತಂದೆಯ ಜೊತೆ ಸೇರಿ ದುಡಿದ ಫಲವಾಗಿ 1924ರಲ್ಲಿ ಜಿ ಮಾದರಿಯ ಸ್ವಯಂಚಾಲಿತ ಮಗ್ಗ ಸಿದ್ಧವಾಯಿತು. ಲಾಳಿಯಲ್ಲಿ ನೂಲು ಮುಗಿಯುತ್ತಿದ್ದಂತೆ, ಓಟ ನಿಲ್ಲದೆ, ಹೊಸ ಲಾಳಿ ತಾನಾಗಿಯೇ ಬಂದು ಕೂರುತ್ತಿತ್ತು. ಐದು ವರ್ಷಗಳ ತರುವಾಯ, 1929ರ ಡಿಸೆಂಬರಿನಲ್ಲಿ, ಅದೇ ಪ್ಲ್ಯಾಟ್ ಸಂಸ್ಥೆ ಈ ಮಗ್ಗದ ಹಕ್ಕನ್ನು ಒಂದು ಲಕ್ಷ ಪೌಂಡಿಗೆ ಕೊಳ್ಳುವ ಒಪ್ಪಂದಕ್ಕೆ ಬಂದಿತು. ಕಲಿಯಲು ಹೋಗಿದ್ದವನ ಯಂತ್ರವನ್ನು ಕಲಿಸಿದ ಮನೆಯೇ ಕೊಂಡಂತಾಯಿತು.

ಈ ಒಂದು ಲಕ್ಷ ಪೌಂಡೇ ಕಾರಿಗೆ ಮೂಲಧನವಾಯಿತು ಎಂಬ ಕಥೆ ಬಹಳ ಪ್ರಚಾರದಲ್ಲಿದೆ. ಕೇಳಲು ಸೊಗಸಾಗಿದೆ, ಆದರೆ ಕಾರಿನ ಪ್ರಯೋಗ ನುಂಗಿದ ಹಣ ಅದಕ್ಕಿಂತ ಎಷ್ಟೋ ಹೆಚ್ಚು. ಮಗ್ಗದ ಕಾರ್ಖಾನೆಯ ಗಳಿಕೆಯನ್ನೇ ವರ್ಷವರ್ಷವೂ ಅದಕ್ಕೆ ಸುರಿಯಬೇಕಾಯಿತು.

ಕಾರಿನ ಕಡೆ ಜಪಾನಿನ ಗಮನ ಹರಿದದ್ದು ಒಂದು ದುರಂತದಿಂದ. 1923ರ ಸೆಪ್ಟೆಂಬರ್ 1ರ ಭೂಕಂಪದಲ್ಲಿ ಟೋಕಿಯೊ, ಯೊಕೊಹಾಮಾ ನಗರಗಳು ನೆಲಸಮವಾಗಿ ಲಕ್ಷಕ್ಕೂ ಮಿಗಿಲಾದ ಜನ ಮಡಿದರು. ರೈಲು, ಟ್ರ್ಯಾಮ್ ಹಳಿಗಳು ಕಿತ್ತುಹೋದಾಗ ಟೋಕಿಯೊ ನಗರಾಡಳಿತ ಅಮೆರಿಕಾದಿಂದ ನೂರಾರು ಫೋರ್ಡ್ ಬಂಡಿಗಳನ್ನು ತರಿಸಿ ಬಸ್ಸುಗಳನ್ನಾಗಿ ಓಡಿಸಿತು. 1925ರಲ್ಲಿ ಫೋರ್ಡ್ ಯೊಕೊಹಾಮಾದಲ್ಲಿಯೂ 1927ರಲ್ಲಿ ಜನರಲ್ ಮೋಟರ್ಸ್ ಒಸಾಕಾದಲ್ಲಿಯೂ ಜೋಡಣೆಯ ಕಾರ್ಖಾನೆ ತೆರೆದವು. ಭಾಗಗಳೆಲ್ಲ ಅಮೆರಿಕಾದವು, ಜಪಾನೀಯರ ಪಾಲಿಗೆ ಜೋಡಣೆಯ ಕೆಲಸ ಮಾತ್ರ. ಈ ಸ್ಥಿತಿ ಕಿಯಿಚಿರೊ ಅವರಿಗೆ ಒಪ್ಪಿಗೆಯಾಗಲಿಲ್ಲ.

1930ರ ಅಕ್ಟೋಬರಿನಲ್ಲಿ ಸಕಿಚಿ ತೀರಿಕೊಂಡರು. ಆ ವರ್ಷದಲ್ಲಿಯೇ ಮಗ್ಗದ ಕಾರ್ಖಾನೆಯ ಒಂದು ಮೂಲೆಯಲ್ಲಿ ಕಿಯಿಚಿರೊ ಪುಟ್ಟ ಎಂಜಿನ್ನಿನ ಪ್ರಯೋಗಕ್ಕೆ ತೊಡಗಿದ್ದರು. ಅದನ್ನು ಬೈಸಿಕಲ್ಲಿಗೆ ಕಟ್ಟಿ ಓಡಿಸಿ ನೋಡಿದರು. 1933ರ ಸೆಪ್ಟೆಂಬರಿನಲ್ಲಿ ಮೋಟಾರು ವಿಭಾಗ ಆರಂಭವಾಯಿತು. ಒಂದು ಷೆವ್ರೊಲೆ ಕಾರನ್ನು ಕೊಂಡು, ತಿರುಪು ತಿರುಪಾಗಿ ಬಿಚ್ಚಿ, ಪ್ರತಿಯೊಂದು ಭಾಗವನ್ನೂ ಅಳೆದು ಚಿತ್ರ ಬರೆದರು. ನೋಡಿ ಬರೆಯುವುದು ಸುಲಭ. ಎರಕ ಹೊಯ್ಯುವುದು ಸುಲಭವಲ್ಲ. ಎಂಜಿನ್ನಿನ ಸಿಲಿಂಡರ್ ಬ್ಲಾಕ್ ಎಂಬುದು ಒಳಗೆಲ್ಲ ಟೊಳ್ಳು ದಾರಿಗಳಿರುವ ಕಬ್ಬಿಣದ ಗಟ್ಟಿ. ಆ ಟೊಳ್ಳುಗಳಿಗಾಗಿ ಅಚ್ಚಿನೊಳಗೆ ಮರಳಿನ ತಿರುಳುಗಳನ್ನಿಡಬೇಕು; ಕುದಿಯುವ ಲೋಹ ಹರಿದಾಗ ಅವು ಒಡೆಯಬಾರದು, ಗಾಳಿ ಸಿಕ್ಕಿಬೀಳಬಾರದು. ಮಗ್ಗದ ಬಿಡಿಭಾಗಗಳನ್ನು ಎರಕ ಹೊಯ್ದು ನುರಿತಿದ್ದ ಕೈಗಳಿಗೂ ಇದು ಒಗ್ಗಲಿಲ್ಲ. ಬ್ಲಾಕಿನ ಮೇಲೆ ಬ್ಲಾಕು ಬಿರುಕು ಬಿಟ್ಟು ಗುಜರಿಗೆ ಹೋಯಿತು. ಎಣ್ಣೆ ಬೆರೆಸಿದ ಮರಳಿನ ತಿರುಳಿನ ಹದ ಕೈಗೆ ಸಿಕ್ಕಿದ ಮೇಲೆ, 1934ರ ಸೆಪ್ಟೆಂಬರಿನಲ್ಲಿ ಆರು ಸಿಲಿಂಡರಿನ ಮೊದಲ ಎಂಜಿನ್ ಸಿದ್ಧವಾಯಿತು. 1935ರ ಮೇ ತಿಂಗಳಲ್ಲಿ ಎ1 ಎಂಬ ಮಾದರಿ ಕಾರು ಹೊರಬಂದಿತು.

ಆದರೆ ಸರಕಾರಕ್ಕೂ ಸೇನೆಗೂ ಬೇಕಾಗಿದ್ದುದು ಲಾರಿ. ಜಿ1 ಎಂಬ ಲಾರಿಯನ್ನು ಅವಸರವಸರವಾಗಿ ರೂಪಿಸಿ 1935ರ ನವೆಂಬರಿನಲ್ಲಿ ಟೋಕಿಯೊದಲ್ಲಿ ಪ್ರದರ್ಶಿಸಿದರು. ಮಾರಿದ ಲಾರಿಗಳು ನಡುರಸ್ತೆಯಲ್ಲಿ ನಿಲ್ಲತೊಡಗಿದವು. ಹಿಂದಿನ ಆಕ್ಸಲ್ ಮುರಿಯುವುದು ಸಾಮಾನ್ಯವಾಯಿತು. ಇಂದು ಯಾವ ಹೆಸರು ಗಟ್ಟಿತನಕ್ಕೆ ಪರ್ಯಾಯವಾಗಿದೆಯೋ ಆ ಹೆಸರಿನ ಮೊದಲ ಸರಕು ಹೀಗಿತ್ತು. ಕಿಯಿಚಿರೊ ಇದನ್ನು ಮುಚ್ಚಿಡಲಿಲ್ಲ. ಕೆಟ್ಟಾಗ ತಕ್ಷಣ ಹೋಗಿ ನೋಡಲು ಅನುಕೂಲವಾಗಲೆಂದು ಮೊದಮೊದಲು ಕಾರ್ಖಾನೆಗೆ ಹತ್ತಿರದ ಸೀಮೆಯಲ್ಲಿಯೇ ಮಾರಿದರು. ಲಾರಿ ನಿಂತಲ್ಲಿಗೆ ತಾವೇ ಹೋಗಿ, ಕೆಳಗೆ ನುಸುಳಿ, ಮುರಿದುದೇನೆಂದು ನೋಡಿ ನಕಾಶೆ ತಿದ್ದಿದರು. ಮಾರಾಟದ ಹೊಣೆಯನ್ನು ಜನರಲ್ ಮೋಟರ್ಸ್ ಬಿಟ್ಟುಬಂದ ಶೊತಾರೊ ಕಾಮಿಯಾ ಹೊತ್ತರು.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಟೊಯೊಟಾ ಕೇವಲ ಛಲದಿಂದ ಬೆಳೆಯಿತೆಂದು ಬರೆದರೆ ಅರ್ಧ ಸತ್ಯವಾದೀತು. 1936ರಲ್ಲಿ ಜಪಾನ್ ಸರಕಾರ ತಂದ ಮೋಟಾರು ತಯಾರಿಕೆಯ ಕಾನೂನು ವಿದೇಶೀ ಸಂಸ್ಥೆಗಳ ಕೈಕಟ್ಟಿ, ಟೊಯೊಡಾ ಹಾಗೂ ನಿಸಾನ್ ಸಂಸ್ಥೆಗಳಿಗೆ ಪರವಾನಗಿ ನೀಡಿತು. ಆ ಕಾನೂನಿನ ಹಿಂದೆ ಯುದ್ಧದ ಸಿದ್ಧತೆಯಿತ್ತು. ಲಾರಿಗಳನ್ನು ಕೊಂಡದ್ದು ಚೀನಾದ ಮೇಲೆ ಯುದ್ಧ ಹೂಡಿದ ಸೇನೆ.

ಹೆಸರು ಬದಲಾದದ್ದೂ 1936ರಲ್ಲಿಯೇ. ಲಾಂಛನಕ್ಕಾಗಿ ನಡೆಸಿದ ಸ್ಪರ್ಧೆಗೆ ಸುಮಾರು 27,000 ಪ್ರವೇಶಗಳು ಬಂದವು. ಟೊಯೊಡಾ ಎಂದರೆ ಸಮೃದ್ಧವಾದ ಗದ್ದೆ. ಕತಕಾನಾ ಲಿಪಿಯಲ್ಲಿ ಅದನ್ನು ಬರೆಯಲು ಹತ್ತು ಗೆರೆ ಬೇಕು. ಕೊನೆಯ ಅಕ್ಷರದ ಎರಡು ಚುಕ್ಕೆಗಳನ್ನು ಬಿಟ್ಟು ಟೊಯೊಟಾ ಎಂದು ಬರೆದರೆ ಎಂಟೇ ಗೆರೆ. ಎಂಟು ಅಲ್ಲಿ ಶುಭಸಂಖ್ಯೆ. ಮನೆತನದ ಹೆಸರು ಬೇರೆ, ಸಂಸ್ಥೆಯ ಹೆಸರು ಬೇರೆ ಎಂಬ ಅನುಕೂಲವೂ ಅದರಲ್ಲಿತ್ತು. 1937ರ ಆಗಸ್ಟ್ 28ರಂದು ಟೊಯೊಟಾ ಮೋಟರ್ ಸಂಸ್ಥೆ ಸ್ಥಾಪನೆಯಾಯಿತು. ರಿಸಬುರೊ ಅಧ್ಯಕ್ಷರು, ಕಿಯಿಚಿರೊ ಉಪಾಧ್ಯಕ್ಷರು.

1938ರ ನವೆಂಬರಿನಲ್ಲಿ ಕೊರೊಮೊ ಎಂಬ ಪಟ್ಟಣದಲ್ಲಿ ದೊಡ್ಡ ಕಾರ್ಖಾನೆ ಕೆಲಸ ಆರಂಭಿಸಿತು. ರೇಷ್ಮೆ ವ್ಯಾಪಾರ ಕುಸಿದು ಬಾಡಿದ್ದ ಊರು ಅದು. ಬಿಡಿಭಾಗಗಳನ್ನು ಗೋದಾಮಿನಲ್ಲಿ ರಾಶಿ ಹಾಕುವುದು ಕಿಯಿಚಿರೊ ಅವರಿಗೆ ಸೇರುತ್ತಿರಲಿಲ್ಲ. ರಾಶಿ ಬಿದ್ದರೆ ಹಣವೂ ಅಲ್ಲಿ ಬೀಳುತ್ತದೆ, ರಾಶಿಯೊಳಗಿನ ತಪ್ಪೂ ಮರೆಯಾಗುತ್ತದೆ. ಬೇಕಾದ ಭಾಗ, ಬೇಕಾದ ಹೊತ್ತಿಗೆ, ಬೇಕಾದಷ್ಟೇ ಬರಬೇಕೆಂದು ಅವರು ವಿಧಿಸಿದರು. ಪ್ರತಿ ಹಂತದ ಕೆಲಸವನ್ನು ವಿವರಿಸುವ ದಪ್ಪನೆಯ ಕೈಪಿಡಿಯೊಂದನ್ನೂ ಬರೆದರು. ಜಸ್ಟ್ ಇನ್ ಟೈಮ್ ಎಂದು ಇಂದು ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಬೋಧಿಸುವ ಪದ್ಧತಿಯ ಮೊಳಕೆ ಇದು. ಯುದ್ಧಕಾಲದ ಅಭಾವದಲ್ಲಿ ಅದು ಬೇರುಬಿಡಲಿಲ್ಲ. 1941ರಲ್ಲಿ ಅಧ್ಯಕ್ಷರಾದ ಕಿಯಿಚಿರೊ ಕಟ್ಟಬೇಕಾಗಿ ಬಂದುದು, ಲೋಹ ಉಳಿಸಲು ಒಂದೇ ದೀಪ ಇಟ್ಟು ಕಳಿಸುತ್ತಿದ್ದ ಲಾರಿಗಳನ್ನು. 1945ರ ಆಗಸ್ಟ್ 14ರಂದು, ಜಪಾನ್ ಶರಣಾಗತಿಯನ್ನು ಸಾರುವ ಹಿಂದಿನ ದಿನ, ಕೊರೊಮೊ ಕಾರ್ಖಾನೆಯ ಮೇಲೆ ಬಾಂಬು ಬಿದ್ದಿತು.

ಯುದ್ಧ ಮುಗಿದಾಗ ಸಾವಿರಾರು ಕೆಲಸಗಾರರಿಗೆ ಅನ್ನದ ದಾರಿ ಬೇಕಾಗಿತ್ತು. ಕಾರ್ಖಾನೆಯಲ್ಲಿ ಅಡುಗೆ ಪಾತ್ರೆಗಳನ್ನು ತಯಾರಿಸಿದರು. ಕಿಯಿಚಿರೊ ಕೊಳಗಳಲ್ಲಿ ಮೀನು ಸಾಕುವ ಪ್ರಯತ್ನಕ್ಕೂ ಇಳಿದರು. ಮಗ ಶೊಯಿಚಿರೊ ಉತ್ತರದ ಹೊಕ್ಕೈಡೊ ದ್ವೀಪಕ್ಕೆ ಹೋಗಿ ಮೀನಿನ ತಿನಿಸು ತಯಾರಿಸುವ ಕೆಲಸ ಹಿಡಿದರು.

ಬಳಿಕ ಬಂದದ್ದು ಇನ್ನೂ ದೊಡ್ಡ ಆಪತ್ತು. 1949ರಲ್ಲಿ ಬೆಲೆಯೇರಿಕೆ ತಡೆಯಲು ಅಮೆರಿಕಾದ ಆಡಳಿತ ವಿಧಿಸಿದ ಬಿಗಿ ಕ್ರಮಗಳಿಂದ ಹಣದ ಹರಿವು ಬತ್ತಿಹೋಯಿತು. ಕಂತಿನ ಮೇಲೆ ಕೊಟ್ಟ ಲಾರಿಗಳ ದುಡ್ಡು ಬರಲಿಲ್ಲ; ಸಂಸ್ಥೆ ದಿವಾಳಿಯ ಅಂಚಿಗೆ ಬಂದಿತು. ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲವೆಂದು ಕಿಯಿಚಿರೊ ಕಾರ್ಮಿಕ ಸಂಘಕ್ಕೆ ಮಾತು ಕೊಟ್ಟರು. ಅದಕ್ಕೆ ಪ್ರತಿಯಾಗಿ ಕೆಲಸಗಾರರು ಸಂಬಳದಲ್ಲಿ ಶೇಕಡಾ 10ರಷ್ಟು ಕಡಿತಕ್ಕೆ ಒಪ್ಪಿದರು. ಸಾಲ ಕೊಟ್ಟು ಉಳಿಸಲು 24 ಬ್ಯಾಂಕುಗಳು ಮುಂದೆ ಬಂದವು. ಆದರೆ ಮಾರಾಟ ವಿಭಾಗವನ್ನು ಬೇರೆ ಮಾಡಬೇಕು, ಆಳುಗಳನ್ನು ಕಡಿಮೆ ಮಾಡಬೇಕು ಎಂಬ ಷರತ್ತುಗಳಿದ್ದವು. 1950ರ ಏಪ್ರಿಲ್‌ನಲ್ಲಿ 1,600 ಮಂದಿ ಸ್ವಇಚ್ಛೆಯಿಂದ ನಿವೃತ್ತರಾಗಬೇಕೆಂದು ಸಂಸ್ಥೆ ಕೇಳಿದಾಗ ಮುಷ್ಕರ ಹತ್ತಿಕೊಂಡಿತು. ಮಾತು ಮುರಿದವರೆಂಬ ಆರೋಪ ಕಿಯಿಚಿರೊ ಅವರ ಮುಖಕ್ಕೇ ಬಂದಿತು, ಅದು ಸುಳ್ಳಾಗಿರಲಿಲ್ಲ. ರಕ್ತದೊತ್ತಡದಿಂದ ಬಳಲುತ್ತಿದ್ದ ಅವರು ಜೂನ್ ಮೊದಲ ವಾರದಲ್ಲಿ ಅಧ್ಯಕ್ಷ ಪದವಿಯನ್ನು ತ್ಯಜಿಸಿದರು. ಕೆಲಸಗಾರರನ್ನು ಕಳುಹಿಸಿ ತಾವು ಮಾತ್ರ ಕುರ್ಚಿಯಲ್ಲಿ ಉಳಿಯಲು ಅವರ ಮನಸ್ಸು ಒಪ್ಪಲಿಲ್ಲ. ಆ ಬಳಿಕ ರಾಜಿಯಾಯಿತು. 2,000ಕ್ಕೂ ಹೆಚ್ಚು ಮಂದಿ ಕೆಲಸ ಬಿಟ್ಟರು. ಸ್ಥಾಪಕರ ತ್ಯಾಗವನ್ನು ಕೊಂಡಾಡುವ ಪುಸ್ತಕಗಳು ಈ ಎರಡು ಸಾವಿರ ಸಂಸಾರಗಳನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ.

ಅದೇ ಜೂನ್ 25ರಂದು ಕೊರಿಯಾ ಯುದ್ಧ ಆರಂಭವಾಯಿತು. ಅಮೆರಿಕಾದ ಸೇನೆ ಲಾರಿಗಳಿಗಾಗಿ ಸಾವಿರಗಟ್ಟಲೆ ಬೇಡಿಕೆಯಿಟ್ಟಿತು. ಮೂರು ವಾರ ಮೊದಲು ಮುಳುಗುತ್ತಿದ್ದ ಸಂಸ್ಥೆ ತೇಲಿತು. ಹೊಸ ಅಧ್ಯಕ್ಷ ತೈಜೊ ಇಶಿದಾ, ಸಂಸ್ಥೆ ಚೇತರಿಸಿಕೊಂಡ ಮೇಲೆ, 1952ರಲ್ಲಿ ಕಿಯಿಚಿರೊ ಅವರನ್ನು ಮರಳಿ ಬರಲು ಕೇಳಿಕೊಂಡರು. ಅವರೂ ಒಪ್ಪಿದರು. ಆದರೆ ಆ ಕುರ್ಚಿಯಲ್ಲಿ ಮತ್ತೆ ಕೂರುವ ಮೊದಲೇ, ಮಾರ್ಚ್ 27ರಂದು, ಮೆದುಳಿನ ರಕ್ತಸ್ರಾವದಿಂದ ನಿಧನರಾದರು. ವಯಸ್ಸು 57. ಎರಡು ತಿಂಗಳು ಕಳೆದು ರಿಸಬುರೊ ಕೂಡ ತೀರಿಕೊಂಡರು. ಕಿಯಿಚಿರೊ ಬಯಸಿದ್ದಂಥ, ಪೂರ್ಣವಾಗಿ ಜಪಾನೀಯರದೇ ಆದ ಕ್ರೌನ್ ಕಾರು ಮಾರುಕಟ್ಟೆಗೆ ಬಂದದ್ದು 1955ರ ಜನವರಿಯಲ್ಲಿ.

ಕೊರೊಮೊ ಪಟ್ಟಣ 1959ರಲ್ಲಿ ಟೊಯೊಟಾ ನಗರವೆಂದು ಹೆಸರು ಬದಲಿಸಿಕೊಂಡಿತು. ನೂಲಿನ ಗಿರಣಿಯಿಂದ ಬಂದಿದ್ದ ತೈಇಚಿ ಓನೊ ಎಂಬ ಎಂಜಿನಿಯರ್, ತಂದೆಯ ತಾನಾಗಿ ನಿಲ್ಲುವ ಮಗ್ಗವನ್ನೂ ಮಗನ ಹೊತ್ತಿಗೆ ತಕ್ಕಷ್ಟು ಎಂಬ ನಿಯಮವನ್ನೂ ಒಂದುಗೂಡಿಸಿ ಉತ್ಪಾದನಾ ಪದ್ಧತಿಯಾಗಿ ಬೆಳೆಸಿದರು. ತಪ್ಪು ಕಂಡ ಯಾವ ಕೆಲಸಗಾರನಾದರೂ ಹಗ್ಗ ಎಳೆದು ಜೋಡಣೆಯ ಸಾಲನ್ನೇ ನಿಲ್ಲಿಸಬಹುದು ಎಂಬುದು ಅದರ ಪ್ರಸಿದ್ಧ ಅಂಗ. 1997ರಲ್ಲಿ ಕಿರ್ಲೋಸ್ಕರ್ ಸಮೂಹದೊಂದಿಗೆ ಸೇರಿ ಬಿಡದಿಗೆ ಬಂದ ಸಂಸ್ಥೆ ಈ ಪದ್ಧತಿಯನ್ನೂ ತನ್ನೊಡನೆ ತಂದಿತು.

ಕೀರ್ತಿಗೆ ಪೆಟ್ಟು ಬಿದ್ದುದೂ ಉಂಟು. 2009–10ರಲ್ಲಿ ವೇಗದ ಪೆಡಲ್ ಸಿಕ್ಕಿಕೊಳ್ಳುವ ದೂರುಗಳಿಂದ ಲಕ್ಷಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಕಿಯಿಚಿರೊ ಅವರ ಮೊಮ್ಮಗ ಅಕಿಯೊ ಟೊಯೊಡಾ ಅಮೆರಿಕಾದ ಸಂಸತ್ತಿನ ಸಮಿತಿಯ ಮುಂದೆ ಹಾಜರಾಗಿ ಕ್ಷಮೆ ಕೋರಿದರು. 2024ರ ಜನವರಿಯಲ್ಲಿ, ಸಕಿಚಿ ಕಟ್ಟಿದ ಆ ಮಗ್ಗದ ಸಂಸ್ಥೆಯೇ ತಯಾರಿಸುವ ಡೀಸೆಲ್ ಎಂಜಿನ್ನುಗಳ ಪರೀಕ್ಷೆಯಲ್ಲಿ ಅಕ್ರಮ ನಡೆದಿರುವುದು ಬಯಲಿಗೆ ಬಂದಿತು. ಎಂಜಿನ್ನುಗಳ ರವಾನೆ ನಿಂತಿತು. ಭಾರತದಲ್ಲಿ ಇನ್ನೋವಾ ಕ್ರಿಸ್ಟಾ, ಫಾರ್ಚ್ಯೂನರ್, ಹೈಲಕ್ಸ್ ವಾಹನಗಳನ್ನು ಕಳುಹಿಸುವುದನ್ನೂ ಕೆಲಕಾಲ ತಡೆಹಿಡಿದು, ಫೆಬ್ರವರಿಯಲ್ಲಿ ಮತ್ತೆ ಆರಂಭಿಸಲಾಯಿತು.