ರಹೀಂ ಮಾಸ್ತರರ ಎರಡು ಚಿನ್ನ

ಬಿ.ಪಿ.ಎಡ್. ಮುಗಿಸಿ ಯಳವತ್ತಿಯಲ್ಲಿ ನೇಮಕಾತಿಗೆ ಕಾಯುತ್ತಿರುವ ನನಗೆ ಸೈಯದ್ ಅಬ್ದುಲ್ ರಹೀಂ ನಮ್ಮವರೇ ಎನಿಸುತ್ತಾರೆ. 1909ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಅವರು ಮೊದಲು ಶಾಲಾ ಮಾಸ್ತರರು, ಆಮೇಲೆ ಫುಟ್‌ಬಾಲ್ ತರಬೇತುದಾರರು.

1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಅವರ ತಂಡ ಒಂದೂ ಪಂದ್ಯ ಸೋಲಲಿಲ್ಲ. ಇಂಡೊನೇಷ್ಯಾ, ಅಫ್ಗಾನಿಸ್ತಾನಗಳ ಮೇಲೆ ತಲಾ 3-0. ಫೈನಲ್‌ನಲ್ಲಿ ಮೇವಾಲಾಲ್ ಹೊಡೆದ ಒಂದೇ ಗೋಲಿಗೆ ಇರಾನ್ ಮಣಿಯಿತು. ಬೆಂಗಳೂರಿನ ಅಹ್ಮದ್ ಖಾನ್ ಕೂಡ ಆ ತಂಡದಲ್ಲಿದ್ದರು.

ಆದರೂ ನನ್ನ ಲೆಕ್ಕದಲ್ಲಿ 1962ರ ಜಕಾರ್ತದ ಚಿನ್ನವೇ ದೊಡ್ಡದು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾಕ್ಕೆ ಸೋತ ತಂಡ, ಫೈನಲ್‌ನಲ್ಲಿ ಅದೇ ಕೊರಿಯಾವನ್ನು 2-1ರಿಂದ ಸೋಲಿಸಿತು. ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್‌ರನ್ನು ಮಾಸ್ತರರು ಮುಂದೆ ನಿಲ್ಲಿಸಿದರು. ಅವರೇ ಒಂದು ಗೋಲು ಹೊಡೆದರು. ಅಷ್ಟರಲ್ಲಾಗಲೇ ಮಾಸ್ತರರಿಗೆ ಕ್ಯಾನ್ಸರ್. 1963ರ ಜೂನ್‌ನಲ್ಲಿ ತೀರಿಕೊಂಡರು.